ಕ್ಯಾನ್ಸಲ್ ಮಾಡಿದ ಟೈಮರ್ ಮೆಮೊರಿ ಬಿಡವಲ್ದು – ಕಬ್ಬಿನ ಕಾಟಾ ಪ್ಲಗಿನ್, ಜಾವಾ 8

ಮುಧೋಳ ಕಾಟಾ:

ನಮಸ್ಕಾರ್ರಿ ಎಲ್ಲಾರಿಗೂ. ಮುಧೋಳ ತಾಲೂಕಿನ ಒಂದು ಸಕ್ಕರಿ ಕಾರ್ಖಾನ್ಯಾಗ ಕಾಟಾ ಕಂಪ್ಯೂಟರ್ ನೋಡ್ಕೊಳ್ಳೂದು ನನ್ನ ಕೆಲಸ. ಬಿಸಿಎ ಆಗೇತಿ, ಜಾವಾ ಓದಾಕ ಬರಿಯಾಕ ಬರತೈತಿ. ಮುಖ್ಯ ಸಾಫ್ಟ್‌ವೇರ್ ಹೊರಗಿನವರದು, ಅದರ ಕೋಡ್ ನಮ್ಮ ಕೈಯಾಗಿಲ್ಲ. ಅದಕ್ಕ ಪ್ಲಗಿನ್ (ಮ್ಯಾಲಿಂದ ಜೋಡಿಸೂ ಸಣ್ಣ ಪ್ರೋಗ್ರಾಂ) ಹಾಕಾಕ ಮಾತ್ರ ಅವಕಾಶ ಐತಿ. ಮೊದಲಿದ್ದವರು ಒಂದು ಪ್ಲಗಿನ್ ಬರದು ಇಟ್ಟು ಬ್ಯಾರೆ ಊರಿಗೆ ಹೋದ್ರು, ಈಗ ಅದು ನನ್ನ ಪಾಲಿಗೆ ಬಂದೈತಿ.

ಪ್ಲಗಿನ್ ಮಾಡೂದು ಇಷ್ಟ. ಕಬ್ಬಿನ ಗಾಡಿ ಕಾಟಾದ ಮ್ಯಾಲೆ ಬಂದು ನಿಂತ ಕೂಡ್ಲೆ ತುಂಬಿದ ತೂಕ ತಗೊಂಡು, ಎರಡು ಕ್ಯಾಮೆರಾದಿಂದ ಎರಡು ಫೋಟೋ ಹಿಡೀತೈತಿ. ಒಂದು ನಂಬರ್ ಪ್ಲೇಟಿಂದು, ಇನ್ನೊಂದು ಮ್ಯಾಲಿಂದ ಕಬ್ಬಿಂದು. ಆಮ್ಯಾಲೆ ಆ ಟೋಕನ್ನಿಗೆ 12 ತಾಸಿನ ಟೈಮರ್ ಹಚ್ಚತೈತಿ. ಗಾಡಿ ಕಬ್ಬು ಇಳಿಸಿ ಖಾಲಿ ತೂಕಕ್ಕ ತಿರುಗಿ ಬರಲಿಲ್ಲಂದ್ರ, ಯಾರ್ಡ್ ಸೂಪರ್‌ವೈಜರ್‌ಗೆ ಫೋಟೋ ಸಮೇತ ಸೂಚನಾ ಹೋಗಬೇಕು. ಬಂದ್ರ ಟೈಮರ್ ಕ್ಯಾನ್ಸಲ್. ಬಹುತೇಕ ಎಲ್ಲಾ ಗಾಡಿ ಎರಡು-ಮೂರು ತಾಸಿನ್ಯಾಗ ಬಂದ ಬಿಡತಾವು. ಅಂದ್ರ ಟೈಮರ್ ಹೊಡಿಯೂದು ಅಪರೂಪ, ಕ್ಯಾನ್ಸಲ್ ಆಗೂದ ಹೆಚ್ಚು.

ತ್ರಾಸ ಏನಂದ್ರ, ಮುಂಜಾನೆ ಚಾಲೂ ಮಾಡಿದಾಗ ಎಲ್ಲಾ ಸುಸೂತ್ರ ಇರತೈತಿ. ಹೊತ್ತು ಇಳಿಯೂದ್ರಾಗ ಸ್ಕ್ರೀನ್ ನಿಂತು ನಿಂತು ಓಡತೈತಿ, ಬಟನ್ ಒತ್ತಿದ್ರ ತೂಕ ಸ್ವಲ್ಪ ಹೊತ್ತು ಬರೂದ ಇಲ್ಲ. ಕಡಿಕ ಲಾಗ್‌ನ್ಯಾಗ ‘ಔಟ್‌ಆಫ್‌ಮೆಮೊರಿಎರರ್: ಜಾವಾ ಹೀಪ್ ಸ್ಪೇಸ್’ ಅಂತ ಬಂದು ಬಿದ್ದ ಬಿಡತೈತಿ. ಹೀಪ್ (ಜಾವಾ ಪ್ರೋಗ್ರಾಂ ತನ್ನ ವಸ್ತು ಇಡೂ ಮೆಮೊರಿ) 1 ಜಿಬಿ ಕೊಟ್ಟಾರ, ಮಷಿನ್ 4 ಜಿಬಿದು. ಹಂಗಾಮು ಜೋರಾದಂಗ ಬೀಳೂ ಹೊತ್ತೂ ಮುಂದ ಮುಂದ ಬರಾಕತ್ತೈತಿ.

ಕೋಡ್ ನೋಡೀನ್ರಿ. ಟೈಮರ್‌ಟಾಸ್ಕ್ ಅನ್ನು ವಿಸ್ತರಿಸಿದ ಒಂದು ಕ್ಲಾಸ್ ಐತಿ, ಅದರೊಳಗ ಟೋಕನ್ ನಂಬರ್ ಮತ್ತ ಎರಡೂ ಫೋಟೋ ಬಫರ್ಡ್‌ಇಮೇಜ್ (ಮೆಮೊರ್ಯಾಗ ಬಿಚ್ಚಿಟ್ಟ ಚಿತ್ರ) ಆಗಿ ಕುಂತಾವು. ಖಾಲಿ ತೂಕ ಆದ ಕೂಡ್ಲೆ ಟಾಸ್ಕ್‌ನ ಕ್ಯಾನ್ಸಲ್ ಕರದಾರ, ನಮ್ಮ ಹ್ಯಾಶ್‌ಮ್ಯಾಪ್‌ನಿಂದ (ಟೋಕನ್‌ಗಳ ಪಟ್ಟಿ) ಟೋಕನ್ ತಗದಾರ. ಎರಡೂ ಸರಿಯಾಗಿ ನಡೀತಾವು, ಲಾಗ್ ಹಾಕಿ ಖಾತ್ರಿ ಮಾಡೀನಿ. ಕ್ಯಾನ್ಸಲ್ ಆಗೇತಿ, ಮ್ಯಾಪ್‌ನ್ಯಾಗ ಇಲ್ಲ, ಮತ್ತ ಇದನ್ನ ಇನ್ನ ಯಾರು ಹಿಡಕೊಂಡ ಕುಂತಾರ?

ಆಫೀಸಿನ್ಯಾಗ ‘ದಿನಕ್ಕ ಎರಡು ಸಲ ರೀಸ್ಟಾರ್ಟ್ ಮಾಡ್ರಿ’ ಅಂತಾರ. ರೀಸ್ಟಾರ್ಟ್ ಮಾಡಿದ್ರ ಯಾರ್ಡ್‌ನ್ಯಾಗ ಇದ್ದ ಗಾಡಿಗಳ ಟೈಮರ್ ಎಲ್ಲಾ ಹೋಗತಾವು. ಅದಕ್ಕಿಂತ ದೊಡ್ಡ ಮಾತಂದ್ರ, ಕಾಟಾ ಕಾಲು ತಾಸು ನಿಂತ್ರ ಟ್ರ್ಯಾಕ್ಟರ್ ಸಾಲು ರಸ್ತೆಗೆ ಹೋಗತೈತಿ. ಕಡದ ಕಬ್ಬು ನಿಂತಷ್ಟು ಒಣಗಿ ತೂಕ ಇಳೀತೈತಿ, ಆ ಲುಕ್ಸಾನು ರೈತಂದು. ತೂಕದ ಸ್ಕ್ರೀನ್ ನಿಂತಾಗ ಬಾಜೂಕ ನಿಂತ ರೈತನ ಮಾರಿ ನೋಡಾಕ ಆಗಂಗಿಲ್ಲ, ‘ಕಾಟಾದಾಗ ಏನೋ ನಡದೈತಿ’ ಅಂತ ಅವಂಗ ಅನಸೂದು ಸಹಜ. ಹಿಂಗಾಗಿ ಇದನ್ನ ಬುಡದಿಂದ ಸರಿ ಮಾಡಬೇಕಂತ ಕೇಳಾಕತ್ತೀನಿ.

ಟಿಳಕವಾಡಿ ಅಕ್ಕ:

ಪ್ರಶ್ನೆ ಚೊಲೋ ಕೇಳೀರಿ, ಬೇಕಾದ ವಿವರ ಎಲ್ಲಾ ಕೊಟ್ಟೀರಿ. ನಾನು ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಗೆ ಇಂಥದೇ ಪ್ಲಗಿನ್‌ಗಳನ್ನು ಬರೆದು ಕೊಡುತ್ತೇನೆ. ಅಲ್ಲಿ ಅಚ್ಚು ತಣಿಯುವುದಕ್ಕೆ ಟೈಮರ್, ನಿಮ್ಮಲ್ಲಿ ಗಾಡಿ ತಿರುಗಿ ಬರುವುದಕ್ಕೆ. ರೋಗ ಒಂದೇ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹಿಡಿದುಕೊಂಡು ಕೂತಿರುವುದು ಟೈಮರ್‌ನ ಸರದಿ, ಅಂದರೆ ಓಡಲು ಕಾಯುವ ಟಾಸ್ಕ್‌ಗಳ ಸಾಲು (ಕ್ಯೂ). ಟೈಮರ್‌ಟಾಸ್ಕ್‌ನ ಕ್ಯಾನ್ಸಲ್ ಒಳಗೆ ಏನಿದೆ ಅಂತ ಜಾವಾದ ಮೂಲ ಕೋಡ್ ತೆಗೆದು ನೋಡ್ರಿ, ನಾಲ್ಕೈದು ಸಾಲು ಅಷ್ಟೇ. ಅದು ಟಾಸ್ಕ್‌ನ ಸ್ಟೇಟ್ ಅನ್ನುವ ಅಂಕಿಯನ್ನು 3 ಮಾಡುತ್ತದೆ, ಮುಗಿಯಿತು. ಸರದಿಯನ್ನು ಮುಟ್ಟುವುದೇ ಇಲ್ಲ. ಟೈಮರ್‌ನ ಥ್ರೆಡ್ (ಪ್ರೋಗ್ರಾಂ ಒಳಗೆ ಬೇರೆಯಾಗಿ ಓಡುವ ಎಳೆ) ತನ್ನ ಸರದಿಯ ತಲೆಯಲ್ಲಿರುವ ಟಾಸ್ಕ್ ಒಂದನ್ನೇ ನೋಡುತ್ತಾ, ಅದರ ಹೊತ್ತು ಬರುವವರೆಗೆ ಮಲಗಿರುತ್ತದೆ. ಎದ್ದಾಗ ಆ ಟಾಸ್ಕ್ ರದ್ದಾಗಿದ್ದರೆ ಆಗ ತೆಗೆದು ಎಸೆಯುತ್ತದೆ. ನಿಮ್ಮಲ್ಲಿ ಮುಂಜಾನೆ 6ಕ್ಕೆ ಹಚ್ಚಿ 8ಕ್ಕೆ ಕ್ಯಾನ್ಸಲ್ ಮಾಡಿದ ಟಾಸ್ಕ್ ಸಂಜೆ 6ರ ತನಕ ಅಲ್ಲೇ ಇರುತ್ತದೆ. ಟೋಕನ್ ರದ್ದಾದರೂ ಟ್ರ್ಯಾಕ್ಟರ್ ಕಬ್ಬು ಹೊತ್ತುಕೊಂಡೇ ಯಾರ್ಡಿನಲ್ಲಿ ನಿಂತ ಹಾಗೆ: ಟಾಸ್ಕ್ ಜೊತೆಗೆ ಅದರೊಳಗಿನ ಎರಡೂ ಫೋಟೋ.

ಈಗ ಲೆಕ್ಕ. ಕ್ಯಾಮೆರಾ 1920 x 1080 ಅಂತ ಇಟ್ಟುಕೊಳ್ಳುತ್ತೇನೆ, ಬೇರೆ ಇದ್ದರೆ ಹೇಳ್ರಿ. ಜೆಪೆಗ್ ಫೈಲ್ ನೋಡಿದರೆ ಕೆಲವು ನೂರು ಕೆಬಿ, ಹಾಗಾಗಿ ಯಾರಿಗೂ ಸಂಶಯ ಬರುವುದಿಲ್ಲ. ಆದರೆ ಬಫರ್ಡ್‌ಇಮೇಜ್ ಆದ ಮೇಲೆ ಪ್ರತಿ ಪಿಕ್ಸೆಲ್‌ಗೆ 3 ಬೈಟ್, ಒಂದು ಫೋಟೋಗೆ 62,20,800 ಬೈಟ್. ಗಾಡಿಗೆ ಎರಡು ಅಂದರೆ 1,24,41,600. 1 ಜಿಬಿ ಹೀಪ್‌ಗೆ ಭಾಗಿಸ್ರಿ: 86 ಗಾಡಿ. ಬೇರೆ ಯಾವುದಕ್ಕೂ ಒಂದು ಬೈಟ್ ಬೇಡ ಅಂದರೂ 12 ತಾಸಿನಲ್ಲಿ 87ನೇ ಗಾಡಿಗೆ ಜಾಗ ಇಲ್ಲ. ಹಂಗಾಮು ಜೋರಾದಂತೆ ಬೇಗ ಬೀಳುವುದೂ ಇದಕ್ಕೇ. ಹೀಪ್ 2 ಜಿಬಿ ಮಾಡಿದರೆ 172 ಗಾಡಿಗೆ ಹೋಗಿ ಬೀಳುತ್ತದೆ, ಅಷ್ಟೇ ವ್ಯತ್ಯಾಸ. ಬೀಳುವ ಮುಂಚೆ ನಿಧಾನವಾಗುವುದು ಯಾಕಂದರೆ, ಗಾರ್ಬೇಜ್ ಕಲೆಕ್ಟರ್ (ಜಿಸಿ, ಯಾರೂ ಹಿಡಿಯದ ವಸ್ತುಗಳನ್ನು ಗುಡಿಸುವ ಜಾವಾದ ಭಾಗ) ಮತ್ತೆ ಮತ್ತೆ ಇಡೀ ಹೀಪ್ ಹುಡುಕುತ್ತದೆ, ಏನೂ ಸಿಗುವುದಿಲ್ಲ, ಮತ್ತೆ ಹುಡುಕುತ್ತದೆ. ನಿಮ್ಮ ಬಟನ್ ಆ ಹೊತ್ತಿಗೆ ಕಾಯುತ್ತಾ ನಿಂತಿರುತ್ತದೆ.

ಇದು ನನ್ನ ಅಂದಾಜು. ಕೋಡ್ ಮುಟ್ಟುವ ಮುಂಚೆ ಸಾಕ್ಷಿ ತೆಗೀರಿ. ಆ ಮಷಿನ್ನಿನಲ್ಲಿ ಬರೀ ಜೆಆರ್‌ಇ (ಜಾವಾ ಓಡಿಸಲಷ್ಟೇ ಬೇಕಾದ್ದು) ಇರಬಹುದು, ಅದರಲ್ಲಿ ಮೆಮೊರಿ ನೋಡುವ ಜೆಮ್ಯಾಪ್, ಜೆಸಿಎಂಡಿ ಇರುವುದಿಲ್ಲ. ಮುಖ್ಯ ಸಾಫ್ಟ್‌ವೇರ್ ಚಾಲೂ ಮಾಡುವ ಬ್ಯಾಚ್ ಫೈಲಿನಲ್ಲಿ ‘ಹೀಪ್‌ಡಂಪ್‌ಆನ್‌ಔಟ್‌ಆಫ್‌ಮೆಮೊರಿಎರರ್’ ಆಯ್ಕೆ ಹಾಕಿದರೆ ಸಾಕು, ಬಿದ್ದಾಗ ತಾನೇ ಡಂಪ್ (ಹೀಪ್‌ನ ಪೂರ್ತಿ ನಕಲು) ಬರೆಯುತ್ತದೆ, ಅದಕ್ಕೆ ಜೆಡಿಕೆ (ಜಾವಾ ಬರೆಯುವವರ ಸಲಕರಣೆ) ಬೇಕಿಲ್ಲ. ಡ್ರೈವಿನಲ್ಲಿ 1 ಜಿಬಿಗಿಂತ ಹೆಚ್ಚು ಜಾಗ ಇರಲಿ. ಆ ಫೈಲನ್ನು ಪೆನ್‌ಡ್ರೈವಿನಲ್ಲಿ ತಂದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಕ್ಲಿಪ್ಸ್ ಮ್ಯಾಟ್‌ನಲ್ಲಿ (ಡಂಪ್ ಬಿಡಿಸಿ ತೋರಿಸುವ ಪ್ರೋಗ್ರಾಂ) ತೆಗೀರಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಆ ಡಂಪ್ ಇಲ್ಲಿಗಾಗಲಿ ಬೇರೆ ಎಲ್ಲಿಗಾಗಲಿ ಹಾಕಬೇಡ್ರಿ. ಹೀಪ್ ಅಂದರೆ ಆ ಕ್ಷಣದಲ್ಲಿ ಪ್ರೋಗ್ರಾಂ ಕೈಯಲ್ಲಿದ್ದ ಎಲ್ಲವೂ. ರೈತರ ಹೆಸರು, ಮೊಬೈಲ್, ಬ್ಯಾಂಕ್ ಖಾತೆ ಸಂಖ್ಯೆ ಅದರಲ್ಲಿ ಓದುವ ಹಾಗೆ ಇರುತ್ತವೆ. ನೋಡಿದ ಮೇಲೆ ಅಳಿಸಿಬಿಡ್ರಿ.

ಮುಧೋಳ ಕಾಟಾ:

ಅಕ್ಕಾರ, ನೀವು ಹೇಳಿದ್ದು ಅಕ್ಷರಶಃ ಖರೆ ಆತು. ಡಂಪ್ ತಗದು ಮ್ಯಾಟ್‌ನ್ಯಾಗ ಹಾಕಿದೆ. ಕ್ಲಾಸ್ ಪಟ್ಟಿಯೊಳಗ ಎಲ್ಲಾಕ್ಕಿಂತ ಮ್ಯಾಲೆ ಬೈಟ್ ಅರೇ, ಹೀಪ್‌ನ ಹತ್ರ ಹತ್ರ ಎಲ್ಲಾ ಅದ. ಅದರಾಗ ಒಂದರ ಮ್ಯಾಲೆ ರೈಟ್ ಕ್ಲಿಕ್ ಮಾಡಿ ಜಿಸಿ ರೂಟ್ (ಕಡಿಕ ಹಿಡಕೊಂಡ ಕುಂತದ್ದು) ತನಕ ದಾರಿ ಕೇಳಿದೆ. ಬೈಟ್ ಅರೇ, ಅದರ ಮ್ಯಾಲೆ ಬೈಟ್‌ಇಂಟರ್‌ಲೀವ್ಡ್‌ರಾಸ್ಟರ್, ಬಫರ್ಡ್‌ಇಮೇಜ್, ಆಮ್ಯಾಲೆ ನಮ್ಮ ಟಾಸ್ಕ್ ಕ್ಲಾಸ್, ಅದರ ಮ್ಯಾಲೆ ಟೈಮರ್‌ಟಾಸ್ಕ್ ಅರೇ, ಟಾಸ್ಕ್‌ಕ್ಯೂ, ಕಡಿಕ ಟೈಮರ್‌ಥ್ರೆಡ್. ನಮ್ಮ ಹ್ಯಾಶ್‌ಮ್ಯಾಪ್ ಆ ದಾರ್ಯಾಗ ಎಲ್ಲೂ ಇಲ್ಲ.

ಎಡಗಡೆ ಕಿಟಕಿಯೊಳಗ ಆ ಟಾಸ್ಕ್‌ನ ಫೀಲ್ಡ್ ಕಾಣತಾವಲ್ಲ, ಅಲ್ಲಿ ಸ್ಟೇಟ್ 3 ಅಂತ ಐತಿ. ಬ್ಯಾರೆ ಬ್ಯಾರೆ ಟಾಸ್ಕ್ ತಗದು ನೋಡಿದೆ, ಯಾರ್ಡ್‌ನ್ಯಾಗ ಖರೇನ ಇದ್ದ ಗಾಡಿಗಳದು 1, ಉಳದದ್ದು ಎಲ್ಲಾ 3. ಹೊಳ್ಳಿ ಊರು ಮುಟ್ಟಿದ ಗಾಡಿಗಳ ಫೋಟೋ ಇನ್ನ ನಮ್ಮಲ್ಲೇ ಅದಾವು. ಡಂಪ್ ಅಳಿಸೀನ್ರಿ.

ಈಗ ಯಾವ ದಾರಿ ಹಿಡೀಲಿ? ಟೈಮರ್‌ನ್ಯಾಗ ಪರ್ಜ್ ಅಂತ ಒಂದು ಮೆಥಡ್ ಕಂಡೈತಿ. ಪ್ರತಿ ಕ್ಯಾನ್ಸಲ್ ಆದಮ್ಯಾಲೆ ಅದನ್ನ ಕರದ್ರ ಸಾಕಾಗತೈತೇನು?

ಟಿಳಕವಾಡಿ ಅಕ್ಕ:

ಸ್ಟೇಟ್ ನೋಡಿದ್ದು ಬಹಳ ಒಳ್ಳೆಯದಾಯಿತು. ಇನ್ನು ಊಹೆಯ ಮಾತಿಲ್ಲ.

ಪರ್ಜ್ ಕೆಲಸ ಮಾಡುತ್ತದೆ. ಜಾವಾ 5ರಿಂದ ಇದೆ, ರದ್ದಾದ ಟಾಸ್ಕ್‌ಗಳನ್ನು ಸರದಿಯಿಂದ ಕಿತ್ತು ಹಾಕುವುದೇ ಅದರ ಉದ್ದೇಶ. ಪ್ರತಿ ಸಲ ಇಡೀ ಸರದಿ ಓಡಾಡುತ್ತದೆ ಅನ್ನುವುದು ಅದರ ಖರ್ಚು. ಕೆಲವು ನೂರು ಟಾಸ್ಕ್ ಇರುವ ನಿಮಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಇವತ್ತು ರಾತ್ರಿ ಪಾಳಿಗೆ ಮುಂಚೆ ಆ ಒಂದು ಸಾಲು ಸೇರಿಸಿಬಿಡ್ರಿ, ಕಾಟಾ ಬೀಳುವುದು ನಿಲ್ಲುತ್ತದೆ.

ಆದರೆ ಅಲ್ಲಿಗೆ ಬಿಡಬೇಡ್ರಿ. ಬೇರು ಇರುವುದು ಟಾಸ್ಕ್ ಒಳಗೆ ಫೋಟೋ ಇಟ್ಟಿದ್ದರಲ್ಲಿ. ಟೈಮರ್‌ಗೆ ಗೊತ್ತಿರಬೇಕಾದ್ದು ಟೋಕನ್ ನಂಬರ್ ಮತ್ತು ಗಡುವು, ಅದಕ್ಕಿಂತ ಹೆಚ್ಚು ಒಂದು ಅಕ್ಷರವೂ ಬೇಡ. ಫೋಟೋ ತೆಗೆದ ಕೂಡಲೇ ಜೆಪೆಗ್ ಮಾಡಿ ಡಿಸ್ಕಿಗೆ ಬರೆಯಿರಿ. ಗಡುವು ಮೀರಿದ ಅಪರೂಪದ ಗಾಡಿಗೆ ಮಾತ್ರ ಆ ಫೈಲ್ ಓದಿ ಕಳಿಸಿದರಾಯಿತು. ಕ್ಯಾನ್ಸಲ್ ಆಗುವುದೇ ಹೆಚ್ಚು ಅಂತ ನೀವೇ ಬರೆದೀರಲ್ಲ, ಹಾಗಿದ್ದಾಗ ಹೊಡೆಯದೇ ಇರುವ ಟೈಮರ್‌ಗೆ ಹೊಡೆಯುವ ಸಾಮಾನೆಲ್ಲಾ ಮೊದಲೇ ಹೊರಿಸುವುದು ಯಾಕೆ?

ನಾನು ಫೌಂಡ್ರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಅಚ್ಚಿಗೊಂದು ಟೈಮರ್ ಅನ್ನುವುದನ್ನೇ ತೆಗೆದೆ. ಒಂದು ಕನ್‌ಕರೆಂಟ್‌ಹ್ಯಾಶ್‌ಮ್ಯಾಪ್ (ಹಲವು ಥ್ರೆಡ್ ಒಟ್ಟಿಗೆ ಬಳಸಬಹುದಾದ ಮ್ಯಾಪ್): ನಿಮ್ಮಲ್ಲಾದರೆ ಟೋಕನ್‌ನಿಂದ ಗಡುವಿಗೆ. ನಿಮಿಷಕ್ಕೊಮ್ಮೆ ಓಡುವ ಒಂದೇ ಒಂದು ಕೆಲಸ ಆ ಮ್ಯಾಪ್ ನೋಡುತ್ತದೆ, ಗಡುವು ಮೀರಿದವನ್ನು ತೆಗೆದು ಸೂಚನೆ ಕಳಿಸುತ್ತದೆ. ಗಾಡಿ ಖಾಲಿ ತೂಕಕ್ಕೆ ಬಂದರೆ ಮ್ಯಾಪ್‌ನಿಂದ ಟೋಕನ್ ರಿಮೂವ್. ಕ್ಯಾನ್ಸಲ್ ಅನ್ನುವ ಮಾತೇ ಇಲ್ಲ, ಹಾಗಾಗಿ ಕ್ಯಾನ್ಸಲ್ ಆದದ್ದನ್ನು ಗುಡಿಸುವ ಕೆಲಸವೂ ಇಲ್ಲ. 12 ತಾಸಿನ ಗಡುವಿಗೆ ಒಂದು ನಿಮಿಷ ಹಿಂದೆ ಮುಂದೆ ಆದರೆ ಯಾರಿಗೂ ನಷ್ಟವಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸರಿಯಾಗಿ 12ನೇ ತಾಸಿಗೆ ಗಾಡಿ ಕಾಟಾ ಹತ್ತಿತು, ಅದೇ ಕ್ಷಣಕ್ಕೆ ನಿಮಿಷದ ಕೆಲಸವೂ ಅದನ್ನು ಕಂಡಿತು ಅನ್ನೋಣ. ಎರಡೂ ಕಡೆ ರಿಮೂವ್ ಕರೆಯಿರಿ, ಬೆಲೆ ಕೈಗೆ ಬಂದವರು ಮಾತ್ರ ಮುಂದಿನ ಕೆಲಸ ಮಾಡಲಿ, ನಲ್ ಬಂದವರು ಸುಮ್ಮನಿರಲಿ. ರಿಮೂವ್ ಅಖಂಡವಾಗಿ ನಡೆಯುವುದರಿಂದ ಇಬ್ಬರಿಗೂ ಸಿಗುವುದು ಸಾಧ್ಯವಿಲ್ಲ.

ಗಡುವನ್ನು ಟೋಕನ್ ಇರುವ ಡೇಟಾಬೇಸ್ ಸಾಲಿನಲ್ಲೇ ಬರೆದಿಟ್ಟರೆ ರೀಸ್ಟಾರ್ಟ್ ಚಿಂತೆಯೂ ಹೋಯಿತು. ಚಾಲೂ ಆದಾಗ ಖಾಲಿ ತೂಕ ಆಗದ ಟೋಕನ್‌ಗಳನ್ನು ಓದಿ ಮ್ಯಾಪ್ ತುಂಬಿಸಿಕೊಳ್ರಿ. ಕರೆಂಟ್ ಹೋದರೂ ಯಾವ ಗಾಡಿಯೂ ಲೆಕ್ಕ ತಪ್ಪುವುದಿಲ್ಲ.

ಸಿಂದಗಿ ಹುಡುಗ:

ಅಕ್ಕ, ನಡುವೆ ಬಾಯಿ ಹಾಕ್ಲಿಕತ್ತೀನಿ, ಕ್ಷಮಿಸ್ರಿ. ನಾ ವಿಜಯಪುರದಾಗ ಇಂಜಿನಿಯರಿಂಗ್ ಕಡೇ ವರ್ಷದಾಗ ಇದ್ದೀನಿ. ಟೈಮರ್ ಬಿಟ್ಟು ಹೊತ್ತಿಗೆ ಸರಿಯಾಗಿ ಕೆಲಸ ಓಡಿಸೋ ಜಾವಾದ ಇನ್ನೊಂದು ಕ್ಲಾಸ್, ಷೆಡ್ಯೂಲ್ಡ್‌ಥ್ರೆಡ್‌ಪೂಲ್‌ಎಕ್ಸಿಕ್ಯೂಟರ್ ಬಳಸಿದ್ರ ಈ ತ್ರಾಸ ಬರೋದೇ ಇಲ್ಲ ಅಲ್ಲೇನ್ರಿ? ನಮ್ಮ ಸರ್ ಹಂಗೇ ಹೇಳಿದ್ರು.

ಟಿಳಕವಾಡಿ ಅಕ್ಕ:

ಕ್ಷಮೆ ಯಾಕೆ, ಕೇಳಬೇಕಾದ್ದೇ ಕೇಳೀದಿ ತಮ್ಮಾ. ನಿಮ್ಮ ಸರ್ ಹೇಳಿದ ದಾರಿ ಸರಿಯಾದದ್ದು, ಅದರೊಳಗೆ ಎರಡು ತಿರುವು ಇವೆ.

ಎಕ್ಸಿಕ್ಯೂಟರ್ ಕೂಡ ಮಾಮೂಲಿನಂತೆ ರದ್ದಾದ ಕೆಲಸವನ್ನು ಹೊತ್ತು ಬರುವವರೆಗೆ ಸರದಿಯಲ್ಲೇ ಇಡುತ್ತದೆ. ಜಾವಾ 7ರಲ್ಲಿ ಸೆಟ್‌ರಿಮೂವ್‌ಆನ್‌ಕ್ಯಾನ್ಸಲ್‌ಪಾಲಿಸಿ ಬಂತು. ಅದಕ್ಕೆ ಟ್ರೂ ಕೊಟ್ಟರೆ ಕ್ಯಾನ್ಸಲ್ ಆದ ಕ್ಷಣವೇ ಸರದಿಯಿಂದ ಹೋಗುತ್ತದೆ, ಮತ್ತು ಪ್ರತಿ ಕೆಲಸಕ್ಕೂ ಸರದಿಯಲ್ಲಿ ತಾನು ಎಲ್ಲಿದ್ದೇನೆ ಅನ್ನುವುದು ಗೊತ್ತಿರುವುದರಿಂದ ಹುಡುಕಾಟವೂ ಇಲ್ಲ. ಆ ಮೆಥಡ್ ಸಿಗಬೇಕಾದರೆ ನ್ಯೂ ಹಾಕಿ ಷೆಡ್ಯೂಲ್ಡ್‌ಥ್ರೆಡ್‌ಪೂಲ್‌ಎಕ್ಸಿಕ್ಯೂಟರ್ ಅನ್ನೇ ಕಟ್ಟು. ಎಕ್ಸಿಕ್ಯೂಟರ್ಸ್ ಕ್ಲಾಸಿನ ನ್ಯೂಸಿಂಗಲ್‌ಥ್ರೆಡ್‌ಷೆಡ್ಯೂಲ್ಡ್‌ಎಕ್ಸಿಕ್ಯೂಟರ್ ಕೊಡುವುದು ಹೊದಿಕೆ ಹಾಕಿದ ವಸ್ತು, ಅದನ್ನು ಕಾಸ್ಟ್ ಮಾಡಲು ಹೋದರೆ ಕ್ಲಾಸ್‌ಕಾಸ್ಟ್‌ಎಕ್ಸೆಪ್ಷನ್ ಬರುತ್ತದೆ.

ಇನ್ನೊಂದು ವಿಷಯ. ಇಲ್ಲಿ ಕ್ಯಾನ್ಸಲ್ ಆದಾಗ ಫ್ಯೂಚರ್‌ಟಾಸ್ಕ್ (ಎಕ್ಸಿಕ್ಯೂಟರ್ ನಮ್ಮ ಕೆಲಸಕ್ಕೆ ಹಾಕುವ ಹೊದಿಕೆ) ತನ್ನೊಳಗಿನ ಕಾಲಬಲ್ ಅನ್ನು, ಅಂದರೆ ನಮ್ಮ ಕೆಲಸವನ್ನು, ನಲ್ ಮಾಡುತ್ತದೆ. ಹಾಗಾಗಿ ಪಾಲಿಸಿ ಹಾಕದಿದ್ದರೂ ಸರದಿಯಲ್ಲಿ ಉಳಿಯುವುದು ಬರೀ ಸಿಪ್ಪೆ, ನಮ್ಮ ಫೋಟೋ ಅಲ್ಲ. ಟೈಮರ್‌ಟಾಸ್ಕ್‌ನಲ್ಲಿ ಟಾಸ್ಕ್ ಮತ್ತು ನಮ್ಮ ಕ್ಲಾಸ್ ಒಂದೇ ವಸ್ತು ಆದ್ದರಿಂದ ಹಾಗೆ ಬಿಡಿಸಲು ಬರುವುದಿಲ್ಲ. ಒಂದೇ ಹೆಸರಿನ ಕ್ಯಾನ್ಸಲ್, ಎರಡು ಕಡೆ ಎರಡು ಬಗೆಯ ನಡವಳಿಕೆ. ಮೂಲ ಕೋಡ್ ಓದಿ ನೋಡು, ಪರೀಕ್ಷೆಗೂ ಉಪಯೋಗ, ಆಮೇಲೂ ಉಪಯೋಗ.

ಬ್ಯಾಟರಿ ಅಂಗಡಿ, ವಿಜಯಪುರ:

ನಾ ಕೋಡ್ ಬರಿಯಾಂವ ಅಲ್ಲ, ಕಾಟಾ, ಪೆಟ್ರೋಲ್ ಬಂಕ್, ರೈಸ್ ಮಿಲ್ ಕಡೆ ಕಂಪ್ಯೂಟರ್ ದುರಸ್ತಿ ಮಾಡತೀನಿ. ಒಂದು ಮಾತು ಸೇರಸ್ತೀನಿ. ಇಂಥಾ ಜಾಗದಾಗ ಮದರ್‌ಬೋರ್ಡಿನ ಸಿಮಾಸ್ ಬ್ಯಾಟರಿ ಸತ್ತಿರೋದು ಭಾಳ ನೋಡೀನಿ. ಧೂಳಿ, ಸೆಕಿ, ಮ್ಯಾಲ ಕರೆಂಟ್ ಹೋಗಿ ಬರೋದು. ಬ್ಯಾಟರಿ ಸತ್ತಿದ್ರ ಕರೆಂಟ್ ಬಂದಾಗ ತಾರೀಖು ಹಿಂದಿನ ಯಾವುದೋ ವರ್ಷಕ್ಕ ಹೋಗಿರತದ, ಇಂಟರ್‌ನೆಟ್ ಸಿಕ್ಕ ಮ್ಯಾಲ ಒಮ್ಮಿಂದೊಮ್ಮೆ ಇವತ್ತಿಗೆ ಜಿಗೀತದ. ಟೈಮರ್ ಹಚ್ಚಿದವರಿಗೆ ಇದರಿಂದ ಏನರ ಆಗತದೇನು ನೋಡ್ರಿ. ಸಿಆರ್2032 ಸೆಲ್ ಹಾಕಿಸೋದು ದೊಡ್ಡ ಖರ್ಚಲ್ಲ.

ಟಿಳಕವಾಡಿ ಅಕ್ಕ:

ಅಣ್ಣಾವ್ರು ಹೇಳಿದ್ದು ಬಹಳ ಮುಖ್ಯ. ಹಳೇ ಟೈಮರ್ ಗೋಡೆ ಗಡಿಯಾರದ ಹೊತ್ತು ನೋಡುತ್ತದೆ. ತಾರೀಖು ಮುಂದಕ್ಕೆ ಜಿಗಿದರೆ ಎಲ್ಲಾ ಟೋಕನ್‌ಗಳ ಗಡುವು ಒಟ್ಟಿಗೆ ಮೀರಿದಂತೆ ಕಂಡು ಸೂಪರ್‌ವೈಜರ್ ಫೋನಿಗೆ ಸೂಚನೆಗಳ ಮಳೆ. ಎಕ್ಸಿಕ್ಯೂಟರ್ ನ್ಯಾನೋಟೈಮ್ (ಕಳೆದ ಹೊತ್ತನ್ನಷ್ಟೇ ಎಣಿಸುವ ಗಡಿಯಾರ) ಬಳಸುತ್ತದೆ, ಅದಕ್ಕೆ ತಾರೀಖಿನ ಹಂಗಿಲ್ಲ. ಆದರೆ ನಾನು ಹೇಳಿದಂತೆ ಗಡುವನ್ನು ಡೇಟಾಬೇಸಿನಲ್ಲಿ ಇಟ್ಟರೆ ಅದು ತಾರೀಖೇ ಆಗಿರಬೇಕಾಗುತ್ತದೆ. ಹಾಗಾಗಿ ಸೆಲ್ ಹಾಕಿಸಿಯೇಬಿಡ್ರಿ. ತೂಕದ ಚೀಟಿಯ ಮೇಲೂ ಅದೇ ತಾರೀಖು ಬೀಳುತ್ತದೆ, ರೈತರ ಬಿಲ್ಲಿಗೂ ಅದೇ ಆಧಾರ.

ಮುಧೋಳ ಕಾಟಾ:

ಸೆಲ್ ನಾಳೆನ ಹಾಕಸ್ತೀನ್ರಿ. ಪರ್ಜ್ ಹಾಕಿದ ಮ್ಯಾಲೆ ಕಾಟಾ ಬಿದ್ದಿಲ್ಲ. ಆಮ್ಯಾಲೆ ಮ್ಯಾಪ್ ಮತ್ತ ಒಂದ ನಿಮಿಷದ ಕೆಲಸ, ನೀವು ಹೇಳಿದಂಗ ಬರದು ಹಾಕೀನಿ, ಎಕ್ಸಿಕ್ಯೂಟರ್ ಮ್ಯಾಲೆ. ಹೀಪ್ ಈಗ ಏರತೈತಿ, ಜಿಸಿ ಆದಾಗ ಇಳೀತೈತಿ, ರಾತ್ರಿ ಪಾಳಿ ಮುಗಿಯೂ ಹೊತ್ತಿಗೂ ಮುಂಜಾನೆ ಇದ್ದಲ್ಲೇ ಐತಿ. ಸ್ಕ್ರೀನ್ ಹಂಗಾಮಿನ ಮೊದಲ ದಿನ ಇದ್ದಂಗ ಓಡಾಕತ್ತೈತಿ.

ಒಂದು ಪ್ರಶ್ನೆ ಉಳದೈತಿ. ಮುಖ್ಯ ಸಾಫ್ಟ್‌ವೇರ್ ಬಂದ್ ಮಾಡದನ ಪ್ಲಗಿನ್ ಅಷ್ಟ ಆಫ್ ಮಾಡಿ ಹೊಸಾ ಜಾರ್ (ಪ್ಲಗಿನ್ ಕೋಡ್ ಇರೂ ಫೈಲ್) ಹಾಕಿ ಆನ್ ಮಾಡಾಕ ಬರತೈತಿ. ಹಂಗ ಮಾಡಿದಾಗ ಒಂದ ಗಾಡಿಗೆ ಎರಡೆರಡು ಸೂಚನಾ ಬರಾಕತ್ತಾವು. ಪ್ಲಗಿನ್‌ನ ಸ್ಟಾಪ್ ಮೆಥಡ್‌ನ್ಯಾಗ ಷಟ್‌ಡೌನ್ ಕರದೀನಿ. ಅಷ್ಟೊತ್ತಿಗೆ ಹಳೇ ಟೈಮರ್ ಇಟ್ಟಿದ್ದ ಮೊದಲಿನ ಜಾರ್‌ನಿಂದ ಹೊಸಾದಕ್ಕ ಬದಲಿ ಮಾಡಿದ್ದೆ.

ಟಿಳಕವಾಡಿ ಅಕ್ಕ:

ಎರಡನೇ ಸೂಚನೆ ಕಳಿಸುತ್ತಿರುವುದು ಹಳೇ ಜಾರ್. ಅದರ ಸ್ಟಾಪ್‌ನಲ್ಲಿ ಟೈಮರ್‌ನ ಕ್ಯಾನ್ಸಲ್ ಇಲ್ಲ ಅಂತ ಕಾಣುತ್ತದೆ. ಟಾಸ್ಕ್‌ನದಲ್ಲ, ಇಡೀ ಟೈಮರ್‌ನದು. ಅದನ್ನು ಕರೆಯದಿದ್ದರೆ ಆ ಥ್ರೆಡ್ ಬದುಕಿರುತ್ತದೆ, ತನ್ನ ಸರದಿಯನ್ನು ನಡೆಸುತ್ತಲೇ ಇರುತ್ತದೆ. ಮುಖ್ಯ ಸಾಫ್ಟ್‌ವೇರ್ ಪ್ಲಗಿನ್ ಬಿಟ್ಟೆ ಅಂದುಕೊಂಡಿರುತ್ತದೆ, ಆದರೆ ಥ್ರೆಡ್ ಹಿಡಿದದ್ದು ಟಾಸ್ಕ್, ಟಾಸ್ಕ್ ಹಿಡಿದದ್ದು ತನ್ನ ಕ್ಲಾಸ್, ಕ್ಲಾಸ್ ಹಿಡಿದದ್ದು ತನ್ನನ್ನು ಜಾರ್‌ನಿಂದ ತಂದ ಕ್ಲಾಸ್‌ಲೋಡರ್. ಹೀಗೆ ಹಳೇ ಪ್ಲಗಿನ್ನಿನ ಎಲ್ಲಾ ಕ್ಲಾಸುಗಳೂ ಉಳಿಯುತ್ತವೆ. ಜಾವಾ 8ರಲ್ಲಿ ಅವು ಕೂರುವುದು ಹೀಪ್ ಹೊರಗಿನ ಮೆಟಾಸ್ಪೇಸ್ ಅನ್ನುವ ಮೆಮೊರಿಯಲ್ಲಿ, ಹೀಪ್ ಗ್ರಾಫ್ ನೋಡಿದರೆ ಕಾಣುವುದೇ ಇಲ್ಲ. ಈ ಒಂದು ಸಲ ಮಾತ್ರ ಗಾಡಿ ಕಡಿಮೆ ಇರುವ ಹೊತ್ತು ನೋಡಿ ಮುಖ್ಯ ಸಾಫ್ಟ್‌ವೇರನ್ನೇ ಬಂದ್ ಮಾಡಿ ಚಾಲೂ ಮಾಡ್ರಿ, ಹಳೆಯದು ತೊಲಗುತ್ತದೆ. ಗಡುವುಗಳು ಈಗ ಡೇಟಾಬೇಸಿನಲ್ಲಿ ಇರುವುದರಿಂದ ಏನೂ ಕಳೆಯುವುದಿಲ್ಲ.

ಮುಂದಿನ ಸಲಕ್ಕೆ: ಬರೀ ಷಟ್‌ಡೌನ್ ಮೇಲೆ ನೆಚ್ಚಬೇಡ್ರಿ. ಮಾಮೂಲಿನಂತೆ ಅದು ಹೊಸ ಕೆಲಸ ತಗೊಳ್ಳುವುದನ್ನು ನಿಲ್ಲಿಸುತ್ತದೆ, ಪದೇ ಪದೇ ಓಡುವ ಕೆಲಸವನ್ನೂ ನಿಲ್ಲಿಸುತ್ತದೆ. ಆದರೆ ಒಂದೇ ಸಲ ಓಡಬೇಕಾದ, ಹೊತ್ತು ಬಾಕಿ ಇರುವ ಕೆಲಸಗಳನ್ನು ಓಡಿಸಿಯೇ ತೀರುತ್ತದೆ. ಅಂಥದೊಂದು 12 ತಾಸಿನ ಕೆಲಸ ಇದ್ದರೆ ಥ್ರೆಡ್ 12 ತಾಸು ಇರುತ್ತದೆ. ಸ್ಟಾಪ್‌ನಲ್ಲಿ ಷಟ್‌ಡೌನ್‌ನೌ ಕರೆಯಿರಿ, ಆಮೇಲೆ ಅವೇಟ್‌ಟರ್ಮಿನೇಷನ್‌ಗೆ ಕೆಲವು ಸೆಕೆಂಡ್ ಕೊಟ್ಟು, ಅದು ಫಾಲ್ಸ್ ತಂದರೆ ಲಾಗ್‌ನಲ್ಲಿ ದೊಡ್ಡದಾಗಿ ಬರೆಯಿರಿ. ಕ್ಯಾಮೆರಾ ಸಂಪರ್ಕ, ಡೇಟಾಬೇಸ್ ಸಂಪರ್ಕ ಮುಚ್ಚುವುದು ಅದಾದ ಮೇಲೆ. ಮೊದಲೇ ಮುಚ್ಚಿದರೆ ಕೊನೆಯ ಸುತ್ತು ಓಡುತ್ತಿರುವ ಕೆಲಸ ಮುಚ್ಚಿದ ಸಂಪರ್ಕಕ್ಕೆ ಕೈ ಹಾಕುತ್ತದೆ.

ಹಾಗೆಯೇ ನಿಮಿಷದ ಕೆಲಸದ ರನ್ ಒಳಗೆ ಎಲ್ಲವನ್ನೂ ಟ್ರೈ-ಕ್ಯಾಚ್‌ನಲ್ಲಿ ಇಟ್ಟೀರೇನು ನೋಡ್ರಿ. ಒಂದು ಎಕ್ಸೆಪ್ಷನ್ ಹೊರಗೆ ಹೋದರೂ ಎಕ್ಸಿಕ್ಯೂಟರ್ ಆ ಕೆಲಸವನ್ನು ಮತ್ತೆ ಓಡಿಸುವುದಿಲ್ಲ, ಲಾಗ್‌ನಲ್ಲಿ ಒಂದು ಸಾಲೂ ಬರುವುದಿಲ್ಲ. ಒಂದು ಫೋಟೋ ಫೈಲ್ ಕೆಟ್ಟಿದ್ದಕ್ಕೆ ಇಡೀ ಯಾರ್ಡಿನ ಸೂಚನೆ ನಿಲ್ಲಬಾರದು. ಜಾರ್ ಬದಲಿಸಿ ಆಫ್-ಆನ್ ಮಾಡಿದ ಮೇಲೆ ಜೆಸ್ಟ್ಯಾಕ್‌ನಿಂದ ಥ್ರೆಡ್ ಪಟ್ಟಿ ತೆಗೆದು ನೋಡ್ರಿ. ಜೆಸ್ಟ್ಯಾಕ್‌ಗೂ ಜೆಡಿಕೆಯೇ ಬೇಕು, ಮಷಿನ್ನಿನಲ್ಲಿರುವ ಜಾವಾದ್ದೇ ಆವೃತ್ತಿಯ ಜೆಡಿಕೆ ಫೋಲ್ಡರ್ ಪೆನ್‌ಡ್ರೈವಿನಲ್ಲಿ ಒಯ್ದರೆ ಆಯಿತು, ಇನ್‌ಸ್ಟಾಲ್ ಬೇಡ. ಥ್ರೆಡ್ ಫ್ಯಾಕ್ಟರಿ ಕೊಟ್ಟು ನಿಮ್ಮ ಥ್ರೆಡ್‌ಗೆ ‘ಕಾಟಾ-ಗಡುವು’ ಅಂತ ಹೆಸರು ಇಟ್ಟಿದ್ದರೆ ಪಟ್ಟಿಯಲ್ಲಿ ಅದು ಒಂದೇ ಸಲ ಕಾಣಬೇಕು.